ಹಬ್ಬುವಾಡದ ನರ್ಸಬಾಯಿ ಕೇಳಿದ್ದು

ಅವರ ಬಲಗೈ ಹೆಬ್ಬೆರಳಿನ ತುದಿಯ ತುಂಬ ಸಣ್ಣ ಸಣ್ಣ ಬಿಳಿ ಗೀರುಗಳಿದ್ದವು. ಇಂಜೆಕ್ಷನ್ ಔಷಧದ ಗಾಜಿನ ಸೀಸೆಗಳ ಕುತ್ತಿಗೆ ಮುರಿದು ಮುರಿದು ಆದ ಗೀರುಗಳು. ನಿವೃತ್ತರಾದ ಮೇಲೆ ಅದೇ ಬೆರಳಿನಿಂದ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಅವರು ಬೇರೆಯವರ ಬ್ಲಾಗುಗಳಿಗೆ ಕಮೆಂಟು ಬರೆಯುತ್ತಿದ್ದರು. ಕಾರವಾರದ ದವಾಖಾನೆಯಲ್ಲಿ ಆಯುಷ್ಯ ಕಳೆದವರು, ಹಬ್ಬುವಾಡದಲ್ಲಿ ಮನೆ. ಎಲ್ಲರಂತೆ ನಾನೂ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದೆ.

ನಾನು ಹೈಸ್ಕೂಲು ಮುಗಿಸಿ ಅಂಕೋಲೆ ಬಳಿಯ ಕೇಣಿಯ ಐಸ್ ಫ್ಯಾಕ್ಟರಿ ಸೇರಿದವನು. ಮೀನುಗಾರಿಕೆಯ ಬೋಟುಗಳಿಗೆ ಐಸ್ ತುಂಬಿಸುತ್ತಲೇ ತಲೆ ಹಣ್ಣಾಯಿತು. ಕೆಲಸ ಬಿಟ್ಟ ಮೇಲೆ ಅಂಕೋಲೆಯ ಹಳೆಯ ಸಂಗತಿಗಳನ್ನು ಬರೆಯಲು ಒಂದು ಬ್ಲಾಗ್ ಮಾಡಿಕೊಂಡೆ. ಆಗ ನಮ್ಮ ಕಡೆ ಹಾಗೆ ಬರೆಯುವವರ ಸಣ್ಣದೊಂದು ಗುಂಪಿತ್ತು. ಕಮೆಂಟು ಹಾಕುವುದು ನಮ್ಮೊಳಗೆ ಮದುವೆಮನೆಯ ಮುಯ್ಯಿಯಂತೆ ನಡೆಯುತ್ತಿತ್ತು. ನೀವು ನನಗೆ ಹಾಕಿದರೆ ನಾನು ನಿಮಗೆ. ನಾನಂತೂ ಮೊದಲೆರಡು ಸಾಲು ನೋಡಿ, 'ಸೊಗಸಾದ ಬರಹ, ಹೀಗೇ ಬರೆಯುತ್ತಿರಿ, ನನ್ನ ಬ್ಲಾಗಿಗೂ ಬನ್ನಿ' ಎಂದು ಅಂಟಿಸಿ ಮುಂದಕ್ಕೆ ಹೋಗುತ್ತಿದ್ದೆ. ನನ್ನ ಬರಹದ ಕೆಳಗೆ ಎಷ್ಟು ಜನ ಬಂದರು ಎಂಬುದೇ ನನಗೆ ಮುಖ್ಯವಾಗಿತ್ತು.

ನರ್ಸಬಾಯಿ ಹಾಗಲ್ಲ. ಸುಂಕಸಾಳದ ಯುವಕನೊಬ್ಬ ತೀರಿಹೋದ ತಂದೆಯ ಬಗ್ಗೆ ಬರೆದಿದ್ದ. ನಾವೆಲ್ಲ 'ಕಣ್ಣು ತುಂಬಿ ಬಂತು' ಎಂದು ಬರೆದೆವು. ಇವರು ಬರೆದದ್ದು ಇಷ್ಟೇ: 'ನಿಮ್ಮ ತಂದೆ ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು, ಎಡಗೈಯಿಂದ ನಿಮ್ಮ ತಲೆ ಸವರುತ್ತಿದ್ದರು ಎಂದಿದ್ದೀರಿ. ಬಲಗೈಗೆ ಏನಾಗಿತ್ತು?' ಅವನು ಬಹಳ ದಿನ ಉತ್ತರಿಸಲಿಲ್ಲ. ಉತ್ತರ ಬಂದಾಗ ಅದು ಮೂಲ ಬರಹಕ್ಕಿಂತ ಉದ್ದವಾಗಿತ್ತು. ಅವನ ತಂದೆ ನಮಗೆ ಕಂಡದ್ದು ಆ ಉತ್ತರದಲ್ಲೇ.

ಒಮ್ಮೆ ಕಾರವಾರಕ್ಕೆ ಹೋದವನು ಅವರ ಮನೆಗೂ ಹೋದೆ. ಚಹಾ ಕೈಗೆ ಕೊಡುತ್ತಲೇ ಶುರು ಮಾಡಿದರು.

"ಅಲ್ಲ ಮಾರಾಯ್ರೆ, ನಿಮ್ಮ ಕಮೆಂಟು ಮದುವೆಮನೆ ತೆಂಗಿನಕಾಯಿ ಇದ್ದಂಗೆ. ಬಂದವ್ರಿಗೆಲ್ಲ ಒಂದೊಂದು."

"ಎಂತ ಮಾಡೂದು ಬಾಯೋರೆ, ಎಲ್ರದ್ದೂ ಓದೂಕೆ ಹೊತ್ತೆಲ್ಲಿ ಅದೆ?"

"ಹೊತ್ತಿಲ್ದಿದ್ರೆ ಸುಮ್ನಿರಿ. ಪೇಶೆಂಟನ್ನ ನೋಡ್ದೇ ಔಷಧ ಕೊಡೂಕೆ ಆಗೂದಿಲ್ಲ."

ಒಳಗಿನಿಂದ ಅವರ ಮಗಳು ನಗುತ್ತ, "ಅಮ್ಮ, ಕಾಕಾಗೆ ಚಹಾ ಕುಡೂಕಾದ್ರೂ ಬಿಡು" ಎಂದಳು.

ನಾನು ಕೇಣಿಯ ಐಸ್ ಫ್ಯಾಕ್ಟರಿಯ ಸುದ್ದಿ ತೆಗೆದಾಗ ನರ್ಸಬಾಯಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಎಷ್ಟು ವರ್ಷ ಇದ್ದಿರಿ, ಸಂಜೆ ಪಾಳಿಯೋ ಎಂದು ಕೇಳಿದರು. ಮತ್ತೇನೋ ಕೇಳಲು ಬಾಯಿ ತೆರೆದವರು ಲೋಟ ಎತ್ತಿಕೊಂಡು ಒಳಗೆ ಹೋದರು. ಎದುರು ಕೂತು ಕೇಳಲಾಗದ್ದನ್ನು ಅವರು ಆಮೇಲೆ ಬರೆದು ಕೇಳಿದರು.

ಅವರದ್ದೂ ಒಂದು ಬ್ಲಾಗಿತ್ತು, ಅಪರೂಪಕ್ಕೆ ಬರೆಯುತ್ತಿದ್ದರು. ಅಲ್ಲಿ 'ಒಂದು ಸಂಜೆ' ಎಂಬ ಬರಹ ಬಂತು. ಸೂರ್ಯ ಮುಳುಗುವ ಹೊತ್ತಿನ ಕಡಲಿನಿಂದ ಶುರುವಾಗಿತ್ತು. ನಾನು ಅಷ್ಟು ಮಾತ್ರ ಓದಿದೆ. 'ಸಂಜೆಯ ಸೊಬಗು ಕಣ್ಣಿಗೆ ಕಟ್ಟಿದಂತಿದೆ. ಹೀಗೇ ಬರೆಯುತ್ತಿರಿ. ನನ್ನ ಬ್ಲಾಗಿಗೂ ಬನ್ನಿ' ಎಂದು ಹಾಕಿದೆ. ಅದೊಂದೇ ಕಮೆಂಟು ಅಲ್ಲಿ. ಬೇರೆ ಯಾರಿಗೂ ಏನು ಬರೆಯಬೇಕೆಂದು ತೋಚಿರಲಿಕ್ಕಿಲ್ಲ.

ಮರುದಿನ ಅವರ ಫೋನ್ ಬಂತು.

"ಓದಿದ್ರಾ?"

"ಓದ್ದೆ ಬಾಯೋರೆ. ಚಲೋ ಬರ್ದಿದ್ರಿ."

"ಪೂರ್ತಿ ಓದಿದ್ರಾ?"

"ಪೂರ್ತಿ."

ಆಮೇಲೆ ಕೇಳಿದರು, "ಹಂಗಾರೆ ನಿಮಗೆ ಹೇಳೂದು ಎಂತದೂ ಇಲ್ವಾ?"

"ಹೇಳೂಕೆ ಎಂತ ಅದೆ? ಹೀಂಗೇ ಬರೀತಾ ಇರಿ."

"ಹೌದಾ. ಆಯ್ತು, ಇಡ್ತೆ."

ಆ ಮೇಲೆ ಅವರು ನನ್ನ ಬ್ಲಾಗಿಗೆ ಬರಲಿಲ್ಲ. ಮುಯ್ಯಿ ತೀರಿಸಲಿಲ್ಲವೆಂದು ನಾನೇ ಮನಸ್ಸಿನಲ್ಲಿ ಬೇಸರ ಮಾಡಿಕೊಂಡೆ. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು.

ಹಬ್ಬುವಾಡಕ್ಕೆ ಹೋದೆ. ಮಗಳು ನನ್ನನ್ನು ಗುರುತಿಸಿ ಕೂರಿಸಿದಳು.

"ಕಾಕಾ, ಅಮ್ಮ ಕಡೀ ತನಕ ನಿಮ್ಮ ಸುದ್ದಿ ಹೇಳ್ತಿತ್ತು. 'ಅವರಿಗೆ ಗೊತ್ತದೆ. ನಂಗೆ ನೋವಾಗ್ತದೆ ಅಂತ ಹೇಳ್ಲಿಲ್ಲ. ತಮ್ಮ ಸಿಟ್ಟಲ್ಲೇ ಹೋದ. ಒಳ್ಳೆ ಜನ ಅವರು, ಮುಚ್ಚಿಟ್ರು' ಅಂತ."

ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಸಾವಿನ ಮನೆ ಎಂದು ತಲೆಯಾಡಿಸಿದೆ. ಅಂಕೋಲೆಗೆ ಮರಳುವ ಬಸ್ಸಿನಲ್ಲಿ ಮೊಬೈಲ್ ತೆಗೆದು 'ಒಂದು ಸಂಜೆ'ಯನ್ನು ಮೊದಲ ಬಾರಿ ಕೊನೆಯವರೆಗೆ ಓದಿದೆ.

ಅದು ಅವರ ತಮ್ಮನ ಬಗ್ಗೆ. ತಾಯಿ ತೀರಿಕೊಂಡಾಗ ಅವನು ಬೋಟಿನಲ್ಲಿದ್ದ. ಕಡಲಿಗೆ ಸುದ್ದಿ ಮುಟ್ಟಿಸುವ ದಾರಿ ಆಗ ಇರಲಿಲ್ಲ. ತಡವಾಗಿ ಬಂದವನಿಗೆ ನರ್ಸಬಾಯಿ ಬಾಗಿಲಲ್ಲೇ, "ಆಯಿ ಹೋಗುವಾಗ ಬರದವ ಈಗ ಎಂತಕ್ಕೆ ಬಂದೆ? ಮತ್ತೆ ಈ ಮೆಟ್ಲು ಹತ್ತಬೇಡ" ಎಂದಿದ್ದರು. ಅವನು ತಿರುಗಿ ಹೋದ. ಕೆಲವು ದಿನಗಳ ಮೇಲೆ ಕೇಣಿಯಲ್ಲಿ ಐಸ್ ತುಂಬಿಸಿಕೊಂಡು ಹೊರಟ ಅವನ ಬೋಟು ಮರಳಲೇ ಇಲ್ಲ. ಬರಹದ ಕೊನೆಯಲ್ಲಿ ಹೀಗಿತ್ತು: 'ಆ ಸಂಜೆ ಕೇಣಿಯಲ್ಲಿ ಅವನನ್ನು ಯಾರಾದರೂ ನೋಡಿದ್ದೀರಾ? ಹುಬ್ಬಿನ ಮೇಲೆ ಗಾಯದ ಕಲೆಯಿತ್ತು. ಊಟ ಮಾಡಿದ್ದನೇ? ನನ್ನ ಮೇಲಿನ ಸಿಟ್ಟು ಇನ್ನೂ ಇತ್ತೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.'

ಗೊತ್ತಿದ್ದವನು ನಾನೊಬ್ಬನೇ. ಆ ಸಂಜೆ ಬೋಟಿನ ಬೇರೆಯವರು ಐಸ್ ಹೊರುತ್ತಿದ್ದಾಗ ಅವನು ನನ್ನ ಪಕ್ಕ ಕೂತು, ನನ್ನ ಡಬ್ಬಿಯ ಅನ್ನ, ಮೀನುಸಾರು ಹಂಚಿಕೊಂಡು ಉಂಡಿದ್ದ. ಏಳುವಾಗ ಹೇಳಿದ್ದ, "ಅಣ್ಣಾ, ಬರುವಾಗ ಒಂದು ದೊಡ್ಡ ಇಸೋಣ ಮೀನು ತರ್ತೆ. ನಿನ್ನ ಐಸಲ್ಲಿ ಇಟ್ಕ. ಐತಾರ ಕಾರವಾರದ ಅಕ್ಕನ ಮನೆಗೆ ಒಯ್ಬೇಕು."

"ಅಕ್ಕ ಬೈದು ಕಳಿಸ್ತು ಅಂದಿದ್ಯಲ್ಲ?"

"ಬೈತದೆ. ಅಕ್ಕ ಅಲ್ವಾ, ಅದಲ್ದೇ ಮತ್ಯಾರು ಬೈಬೇಕು? ಇಸೋಣ ನೋಡಿದ್ರೆ ಅದೇ ಮಸಾಲೆ ಅರೀತದೆ ನೋಡ್ತಾ ಇರು" ಎಂದು ನಕ್ಕು ಬೋಟು ಹತ್ತಿದ.

ಆ ಇಸೋಣ ಮೀನಿನ ಮಾತನ್ನು ನಾನು ಚಹಾ ಅಂಗಡಿಗಳಲ್ಲಿ ಕುಳಿತು ಯಾರು ಯಾರಿಗೋ ಹೇಳಿದ್ದೇನೆ. ಸತ್ತವನ ಕೊನೆಯ ಮಾತು ಕೇಳಿದವನೆಂಬ ಒಂದು ಬಗೆಯ ಹಮ್ಮು ಅದರಲ್ಲಿತ್ತು. ಆ ಅಕ್ಕ ಯಾರೆಂದು ಹುಡುಕಲಿಲ್ಲ. ಅವರೇ ಬರೆದು, ಫೋನ್ ಮಾಡಿ ಕೇಳಿದಾಗ, ಸಂಜೆ ಸೊಗಸಾಗಿದೆ ಎಂದೆ.

ಮನೆ ಮುಟ್ಟಿ ಅವರ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಓದದೆಯೇ ಓದಿದೆ ಎಂದದ್ದನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

"ಇದನ್ನ ನಂಗೆ ಹೇಳಿ ಎಂತ ಮಾಡೂದು ಕಾಕಾ? ಕೇಳಿದ್ದು ಅಮ್ಮ" ಎಂದಳು.

ಕೇಳಿದವರಿಗೇ ಹೇಳಬೇಕೆಂದು ಆ ಬರಹದ ಕೆಳಗೆ ಬರೆಯಲು ಕೂತೆ. 'ಬಾಯೋರೆ, ಅವನು ಸಿಟ್ಟಿನಲ್ಲಿ ಹೋಗಲಿಲ್ಲ. ನನ್ನೊಟ್ಟಿಗೆ ಉಂಡು ಹೋದ. ಭಾನುವಾರ ನಿಮ್ಮಲ್ಲಿಗೆ ಬರುವವನಿದ್ದ. ನೀವು ಬೈಯುತ್ತೀರೆಂದು ಗೊತ್ತಿದ್ದೇ ಬರುವವನಿದ್ದ.' ಅವನ ನಗೆಯನ್ನೂ ನೆನಪಾದಷ್ಟು ಬರೆದು ಕಳಿಸಿದೆ.

ಹಳೆಯ ಬರಹಗಳಿಗೆ ಬಂದ ಕಮೆಂಟನ್ನು ತಾವು ಓದಿದ ನಂತರವೇ ಹೊರಗೆ ಬಿಡುವಂತೆ ನರ್ಸಬಾಯಿ ಮಾಡಿಟ್ಟಿದ್ದರಂತೆ. ನನಗದು ಗೊತ್ತಿರಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: ಬ್ಲಾಗಿನ ಒಡೆಯರು ಒಪ್ಪಿದ ಮೇಲೆ ನಿಮ್ಮ ಕಮೆಂಟು ಕಾಣಿಸುತ್ತದೆ.

ದಿನವೂ ತೆಗೆದು ನೋಡುತ್ತೇನೆ. ಆ ಪ್ರಶ್ನೆಗಳ ಕೆಳಗೆ ಈಗಲೂ ಇರುವುದು ಸಂಜೆಯ ಸೊಬಗನ್ನು ಹೊಗಳಿದ ನನ್ನ ಮಾತೊಂದೇ.