ತಾರೀಖಿನಕ್ಕ ಚೀಟಿ ಇಲ್ಲದೆ ಮಾತಾಡಿದ ಬೆಳಗು

ಆ ಊರಿನ ರೇಡಿಯೋ ಕೇಂದ್ರದಿಂದ ಬೆಳಗ್ಗೆ ಆರು ಐವತ್ತಕ್ಕೆ 'ಇದೇ ದಿನ' ಎಂಬ ಹತ್ತು ನಿಮಿಷದ ಕಾರ್ಯಕ್ರಮ ಬರುತ್ತಿತ್ತು. ಅದೇ ತಾರೀಖಿನಂದು ಲೋಕದಲ್ಲಿ ಹಿಂದೆ ಯಾವ ವರ್ಷ ಏನೇನು ನಡೆದಿತ್ತು ಎಂದು ಓದಿ ಹೇಳುವುದು. ಇಪ್ಪತ್ತೆರಡು ವರ್ಷದಿಂದ ಅದನ್ನು ಓದುತ್ತಿದ್ದವಳು ಒಬ್ಬಳೇ. ಹಾಗಾಗಿ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವಳು ತಾರೀಖಿನಕ್ಕ ಆಗಿಬಿಟ್ಟಿದ್ದಳು. ತರಕಾರಿ ತೂಗುವವಳು, "ನಾಳೆ ಯಾರಕ್ಕ ಸಾಯೋದು?" ಎಂದು ಕೇಳಿದರೆ, "ನಾಳೆ ಒಬ್ಬ ರಾಜ, ಒಂದು ಹಡಗು. ನೀನು ಟೊಮೇಟೊ ನೋಡಿ ಹಾಕು" ಎನ್ನುವಳು.

ಅವಳ ಬಳಿ ಮುನ್ನೂರ ಅರವತ್ತಾರು ಲಕೋಟೆಗಳಿದ್ದವು. ಒಂದೊಂದು ತಾರೀಖಿಗೆ ಒಂದೊಂದು, ಒಳಗೆ ಅವಳದೇ ದುಂಡು ಅಕ್ಷರದ ಚೀಟಿಗಳು. ಮೂರು ಪುಸ್ತಕದಲ್ಲಿ ತಾಳೆ ನೋಡದೆ ಒಂದು ಇಸವಿಯನ್ನೂ ಬರೆದವಳಲ್ಲ. ಒಮ್ಮೆ ಒಂದು ಯುದ್ಧವನ್ನು ಒಂದು ದಿನ ಮೊದಲೇ ಮುಗಿಸಿಬಿಟ್ಟಿದ್ದಕ್ಕೆ ನಿವೃತ್ತ ಮೇಷ್ಟ್ರೊಬ್ಬರು ತಿಂಗಳುಗಟ್ಟಲೆ ಪತ್ರ ಬರೆದು ಅವಳ ಜೀವ ಹಿಂಡಿದ್ದರು. ಚೀಟಿ ಕೈಯಲ್ಲಿದ್ದರೆ ಅವಳ ದನಿಗೆ ಗಾಜಿನಂಥ ಸ್ಪಷ್ಟತೆ. ಚೀಟಿ ಇಲ್ಲದಿದ್ದರೆ ನೆಂಟರ ಮನೆಯಲ್ಲಿ ನಾಲ್ಕು ಮಾತಾಡಲೂ ಬೆವರುವಳು.

ಮನೆಯಲ್ಲಿ ಮೂರೇ ಜನ: ಅವಳು, ಅಮ್ಮ, ತಮ್ಮ. ಮನೆ ಇದ್ದದ್ದು ಕೆಳಬೀದಿಯಲ್ಲಿ, ಐಸ್ ಫ್ಯಾಕ್ಟರಿಯ ಹಿಂಗೋಡೆಗೆ ಅಂಟಿಕೊಂಡಂತೆ. ತಮ್ಮ ಅದೇ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಅಮ್ಮನಿಗೆ ಮೊಣಕಾಲು ಹಿಡಿದು ನಡೆಯಲಾಗದು. ಬೆಳಗ್ಗೆ ಎದ್ದವಳೇ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಮಗಳ ದನಿ ಕೇಳುವಳು. ಮಗಳು "ನಮಸ್ಕಾರ" ಎಂದು ಮುಗಿಸಿದ ಕೂಡಲೇ ಕಿವಿ ಹಿಂಡಿದ ಹಾಗೆ ಗುಂಡಿ ತಿರುಗಿಸಿ ಆರಿಸುವಳು. "ಆಮೇಲಿಂದೆಲ್ಲ ಬರೀ ಗದ್ದಲ" ಎಂಬುದು ಅವಳ ತೀರ್ಮಾನ.

ಆವತ್ತು ಏಪ್ರಿಲ್ ಇಪ್ಪತ್ತಾರು. ಲಕೋಟೆಯಲ್ಲಿ ನಾಲ್ಕು ಚೀಟಿ ಇದ್ದವು. ಸಾವಿರದ ಎಂಟುನೂರ ಅರವತ್ತೈದರಲ್ಲಿ ಲಿಂಕನ್ನರನ್ನು ಕೊಂದವನು ಒಂದು ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದು ಗುಂಡೇಟಿಗೆ ಸತ್ತದ್ದು. ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಸ್ಪೇನಿನ ಗೆರ್ನಿಕಾ ಎಂಬ ಪಟ್ಟಣದ ಮೇಲೆ, ಸಂತೆಯ ದಿನವೇ, ವಿಮಾನಗಳು ಬಾಂಬು ಸುರಿದದ್ದು. ಅರವತ್ತನಾಲ್ಕರಲ್ಲಿ ಆಫ್ರಿಕದ ಟಾಂಗನ್ಯಿಕಾ ಮತ್ತು ಜಾಂಜಿಬಾರ್ ಸೇರಿ ಒಂದೇ ದೇಶವಾದದ್ದು. ಕೊನೆಯದು ಎಂಬತ್ತಾರರ ಚೆರ್ನೋಬಿಲ್.

ಅವಳು ಗೆರ್ನಿಕಾ ಓದುತ್ತಿರುವಾಗ ಗಾಜಿನ ಆಚೆ ಎಂಜಿನಿಯರ್ ಫೋನ್ ಎತ್ತಿದ್ದು ಕಂಡಿತು. ಅವಳಿಗಿಂತ ಹಿರಿಯ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಪ್ರಸಾರದ ಹೊತ್ತಿನಲ್ಲಿ ಕುರ್ಚಿ ಬಿಟ್ಟು ಏಳುವವನೇ ಅಲ್ಲ. ಈಗ ಎದ್ದು ನಿಂತು, ಕಾಗದದ ಮೇಲೆ ದಪ್ಪಕ್ಷರದಲ್ಲಿ ಗೀಚಿ ಗಾಜಿಗೆ ಒತ್ತಿ ಹಿಡಿದ: 'ನಿಮ್ಮ ತಮ್ಮ. ಗ್ಯಾಸ್ ಸೋರಿದೆ.'

ಅವಳ ಕಣ್ಣು ಚೀಟಿಯಿಂದ ಆ ಕಾಗದಕ್ಕೆ ಹೋಯಿತು. ದನಿ ಮಾತ್ರ ಅಲುಗಲಿಲ್ಲ; ಇಪ್ಪತ್ತೆರಡು ವರ್ಷದ ರೂಢಿ, ಅದರ ಪಾಡಿಗೆ ಅದು ಓದುತ್ತಾ ಹೋಯಿತು. ಕೊನೆಯ ಚೀಟಿಗೆ ಬಂದಳು. ರಾತ್ರಿ ಒಂದು ಇಪ್ಪತ್ತಮೂರಕ್ಕೆ ಅಣುಸ್ಥಾವರ ಸಿಡಿಯಿತು. ಹತ್ತಿರದ ಪಟ್ಟಣದ ಜನಕ್ಕೆ ಊರು ಬಿಡಿ ಎಂದು ಹೇಳಿದ್ದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತು ಮಕ್ಕಳು ಬೀದಿಯಲ್ಲಿ ಆಡುತ್ತಲೇ ಇದ್ದರು. ಓದಿ, ನಮಸ್ಕಾರ ಹೇಳಿ, ಕೆಂಪು ದೀಪ ಆರಿದ್ದೇ ತಡ ಓಡಿ ಹೋಗಿ ಫೋನ್ ಹಿಡಿದಳು.

"ಅಕ್ಕ, ಅಮೋನಿಯಾ. ದೊಡ್ಡ ಟ್ಯಾಂಕಿನ ವಾಲ್ವ್ ಹೋಗಿದೆ." ತಮ್ಮ ಕೆಮ್ಮುತ್ತಿದ್ದ. "ಯಜಮಾನರು ಫಿಟ್ಟರ್ ಕರ್ಕೊಂಡು ಬರ್ತೀನಿ, ಯಾರಿಗೂ ಹೇಳ್ಬೇಡಿ ಅಂತ ಕಾರ್ ಹತ್ತಿ ಹೋದ್ರು. ಗಾಳಿ ಪೂರಾ ನಮ್ಮ ಬೀದಿ ಕಡೆ ಬೀಸ್ತಿದೆ."

"ಅಮ್ಮ?"

"ಮನೇಲೇ ಇದಾಳೆ. ನಾನು ಅಲ್ಲಿಗೆ ಹೋದ್ರೆ ಇಲ್ಲಿ ವಾಲ್ವ್ ಮುಚ್ಚೋರು ಯಾರೂ ಇಲ್ಲ. ಗ್ಯಾಸ್ ಮುಖವಾಡ ಒಂದೇ ಇರೋದು. ನೀನೇ ಏನಾದ್ರೂ ಮಾಡು."

"ನೀನು ಒಳಗೆ ಹೋಗ್ಬೇಡ ಕಣೋ."

ಆ ಕಡೆ ಫೋನ್ ಇಟ್ಟಾಗಿತ್ತು.

ಗಡಿಯಾರದಲ್ಲಿ ಏಳು ಗಂಟೆ, ಒಂದು ನಿಮಿಷ. ಏಳು ಐದಕ್ಕೆ ರಾಜಧಾನಿಯಿಂದ ವಾರ್ತೆ ಬರಬೇಕು, ಅಲ್ಲಿಯವರೆಗೆ ವಾದ್ಯಸಂಗೀತ. ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಅವರಿಗೆ ಆವರೆಗೂ ಯಾರೂ ಹೇಳಿರಲಿಲ್ಲ. ಗಾಡಿ ಬರಲು ಇಪ್ಪತ್ತು ನಿಮಿಷ ಬೇಕು ಎಂದರು. ಮುನ್ನೂರು ಮನೆಯ ಬೀದಿಗೆ ಇಪ್ಪತ್ತು ನಿಮಿಷ ಎಂದರೆ ಏನೆಂದು ಲೆಕ್ಕ ಹಾಕಲು ಅವಳಿಗೆ ಪುಸ್ತಕ ಬೇಕಿರಲಿಲ್ಲ.

ಕೇಂದ್ರದ ಮುಖ್ಯಸ್ಥರ ಮನೆಗೆ ಫೋನ್ ಮಾಡಿದಳು. ಅವರು ಕೆಟ್ಟವರಲ್ಲ, ಹೆದರುವವರು. "ಲಿಖಿತ ಆದೇಶ ಇಲ್ದೆ ಅಂಥದ್ದು ಹೇಳೋ ಹಾಗಿಲ್ಲಮ್ಮ. ಜನ ದಿಕ್ಕಾಪಾಲಾಗಿ ಓಡಿ, ಕಾಲ್ತುಳಿತ ಆಗಿ ನಾಲ್ಕು ಜನ ಸತ್ರೆ? ನಾನೇ ಮೇಲಿನವರ ಹತ್ರ ಮಾತಾಡ್ತೀನಿ. ಅಲ್ಲೀವರೆಗೂ ಕಾಯಿ."

"ಎಷ್ಟು ಹೊತ್ತು ಸಾರ್?"

"ಕಾಯಿ ಅಂದ್ನಲ್ಲ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವಳ ಕೈ ಕಟ್ಟಿಹಾಕಿತು. ಓಡಿದರೆ ಬೀಳುತ್ತಾರೆ, ಓಡದಿದ್ದರೆ ಉಸಿರುಗಟ್ಟುತ್ತಾರೆ; ಅತ್ತ ದರಿ ಇತ್ತ ಪುಲಿ. ಕೆಲವೇ ನಿಮಿಷದ ಹಿಂದೆ ತಾನೇ ಓದಿದ ಸಾಲು ಅವಳ ಬಾಯಲ್ಲಿ ಇನ್ನೂ ಆರಿರಲಿಲ್ಲ. ಚೆರ್ನೋಬಿಲ್ಲಿನ ಆ ಮರುದಿನ ಮಧ್ಯಾಹ್ನದ ಹಿಂದೆಯೂ ಯಾರೋ ಒಬ್ಬ ಅಧಿಕಾರಿ ಕಾಯಿ ಎಂದಿರಬೇಕು, ಯಾರೋ ಒಬ್ಬರು ಕಾದಿರಬೇಕು.

"ಮೈಕ್ ಕೊಡ್ತೀರಾ ಸಾರ್?" ಎಂದಳು ಎಂಜಿನಿಯರನಿಗೆ.

ಅವನು ಕನ್ನಡಕ ತೆಗೆದು ಒರೆಸಿದ. "ವಾರ್ತೆ ಕತ್ತರಿಸಿದ್ರೆ ನನ್ನ ಕೆಲಸಕ್ಕೆ ಕುತ್ತು ಕಣಮ್ಮ."

"ಗೊತ್ತು."

"ಒಂದೊಂದು ಸಲ ರಾಜಧಾನಿಯ ಲೈನೇ ಸಿಗಲ್ಲ. ಇವತ್ತೂ ಸಿಗ್ಲಿಲ್ಲ ಅನ್ಕೊ." ಕನ್ನಡಕ ಏರಿಸಿದ. "ಇರು, ಗಾಳಿ ಎತ್ತ ಅಂತ ನೋಡ್ಕೊಂಡು ಬರ್ತೀನಿ. ತಪ್ಪು ದಾರಿ ಹೇಳಿದ್ರೆ ನಾವೇ ಕೊಂದ ಹಾಗಾಗ್ತದೆ."

ಐವತ್ತೆಂಟರ ಮನುಷ್ಯ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಹೋಗಿ ಬಂದ. ಬೇಕರಿಯ ಚಿಮಣಿ ಹೊಗೆ ನೆಟ್ಟಗೆ ಪೂರ್ವಕ್ಕೆ, ಕೆಳಬೀದಿಯ ಉದ್ದಕ್ಕೂ ಹರಿಯುತ್ತಿತ್ತು. ಹಾಗಾದರೆ ಜನ ಬೀದಿಯುದ್ದಕ್ಕೆ, ಕೊನೆಯ ರೈಲ್ವೆ ಗೇಟಿನ ಕಡೆ, ಓಡಬಾರದು, ಅಡ್ಡ ಹೋಗಬೇಕು. ಬಡಗಣ ದಿಕ್ಕಿನ ನೀರಿನ ಟ್ಯಾಂಕಿನ ಗುಡ್ಡ ಹತ್ತಬೇಕು.

ಕೆಂಪು ದೀಪ ಹತ್ತಿತು. ಅವಳ ಮುಂದೆ ಖಾಲಿ ಮೇಜು. ಮೊದಲ ಮಾತು ಹೊರಡಲು ನಾಲ್ಕು ಸೆಕೆಂಡು ಹಿಡಿಯಿತು ಎಂದು ಎಂಜಿನಿಯರ್ ಆಮೇಲೆ ಹೇಳುತ್ತಿದ್ದ.

"ನಾನು, ನಿಮ್ಮ ತಾರೀಖಿನಕ್ಕ. ಕೆಳಬೀದಿಯವರು ಕೇಳಿಸ್ಕೊಳ್ಳಿ. ಐಸ್ ಫ್ಯಾಕ್ಟರಿಯಿಂದ ಗ್ಯಾಸ್ ಬರ್ತಿದೆ. ಬಟ್ಟೆ ಒದ್ದೆ ಮಾಡಿ ಮೂಗು ಬಾಯಿಗೆ ಕಟ್ಕೊಳ್ಳಿ. ರೈಲ್ವೆ ಗೇಟ್ ಕಡೆ ಹೋಗ್ಬೇಡಿ. ಟ್ಯಾಂಕಿನ ಗುಡ್ಡ ಹತ್ತಿ. ಓಡ್ಬೇಡಿ, ನಡೀರಿ. ಪಕ್ಕದ ಮನೆ ಬಾಗಿಲು ತಟ್ಟಿ ಹೋಗಿ. ಎಷ್ಟೋ ಜನ ಈಗ ರೇಡಿಯೋ ಆರಿಸಿರ್ತಾರೆ."

ಕೊನೆಯ ಮಾತು ಆಡುವಾಗ ಒಬ್ಬಳೇ ಒಬ್ಬಳು ಅವಳ ಕಣ್ಣ ಮುಂದೆ ಇದ್ದಳು. ಹೆಸರು ಹಿಡಿದು, ನಮ್ಮಮ್ಮನನ್ನು ಎತ್ತಿಕೊಂಡು ಹೋಗಿ ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಅದೇ ಮಾತುಗಳನ್ನು ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಪಕ್ಕದ ಕೋಣೆಯಲ್ಲಿ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮುಖ್ಯಸ್ಥರದೇ ಎಂದು ಇಬ್ಬರಿಗೂ ಗೊತ್ತಿತ್ತು. ಎಂಜಿನಿಯರ್ ಎತ್ತಲಿಲ್ಲ. ಹಾಗೆ ನಲವತ್ತು ನಿಮಿಷ.

ಏಳು ಐವತ್ತಕ್ಕೆ ಪೊಲೀಸರು ಬಂದು, ವಾಲ್ವ್ ಮುಚ್ಚಿದೆ, ಇನ್ನು ಸಾಕು ಎಂದರು. ಅವಳು ಎದ್ದು ನಿಂತಳು. ಅಮ್ಮನನ್ನು ಹುಡುಕಲು ಹೊರಟಳು.

ಅಮ್ಮ ಸಿಕ್ಕಿದ್ದು ಒಂಬತ್ತೂವರೆಗೆ, ಗುಡ್ಡದ ಮೇಲೆ, ಯಾರದೋ ಸ್ಕೂಟರಿನ ಸೀಟಿನ ಮೇಲೆ. ನೆನೆದ ಟವೆಲ್ ಕೊರಳಿಗೆ ಸುತ್ತಿಕೊಂಡು ಕುಳಿತಿದ್ದಳು. ರೇಡಿಯೋ ಆರಿಸಿದ್ದು ನಿಜ. ಎದುರು ಮನೆಯ ಗಾರೆ ಕೆಲಸದವನು ಬಾಗಿಲು ಒದ್ದು ಒಳಗೆ ಬಂದಾಗ, "ಯಾರು ಹೇಳಿದ್ದು?" ಎಂದು ಜಗಳಕ್ಕೆ ನಿಂತಳಂತೆ. "ನಿಮ್ಮ ಮಗಳೇ" ಎಂದದ್ದಕ್ಕೆ, "ಅವಳಾದ್ರೆ ಮೂರು ಸಲ ತಾಳೆ ನೋಡಿರ್ತಾಳೆ, ಎತ್ಕೊ" ಎಂದು ಅವನ ಬೆನ್ನೇರಿದಳಂತೆ.

ಯಾರೂ ಸಾಯಲಿಲ್ಲ. ಅರವತ್ತು ಜನ ಆಸ್ಪತ್ರೆ ಸೇರಿದರು. ಗುಡ್ಡದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಮುದುಕ ದರ್ಜಿಯೊಬ್ಬ ಬಿದ್ದು ಸೊಂಟ ಮುರಿದುಕೊಂಡ. ಅವಳು ನೋಡಲು ಹೋದಾಗ ಅವನು ಗೋಡೆಯ ಕಡೆ ಹೊರಳಿಕೊಂಡೇ, "ನಡೀರಿ ಅಂದೆ ನೀನು. ಹಿಂದಿನವರು ಕೇಳಿಸ್ಕೊಂಡಿರ್ಲಿಲ್ಲ" ಎಂದ. ಅವನು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರಲಿಲ್ಲ. ಅವನನ್ನು ನೋಡಲು ಹೋಗುವುದನ್ನು ಅವಳೂ ನಿಲ್ಲಿಸಲಿಲ್ಲ.

ವಿಚಾರಣೆ ಆಯಿತು. ಎಂಜಿನಿಯರನದು ತಪ್ಪಿಲ್ಲ, ತಾನೇ ಒತ್ತಾಯ ಮಾಡಿದೆ ಎಂದು ಅವಳು ಬರೆದುಕೊಟ್ಟಳು. ಲೈನ್ ಸಿಗಲಿಲ್ಲ ಎಂದು ಅವನು ಬರೆದುಕೊಟ್ಟ. ಎರಡು ಹೇಳಿಕೆಗೂ ತಾಳಮೇಳ ಇಲ್ಲದೆ ವಿಚಾರಣೆ ಮಾಡುವವರು ತಲೆ ಕೆರೆದುಕೊಂಡರು. ಕೊನೆಗೆ ಅವನಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಅವಳನ್ನು ಮೈಕಿನಿಂದ ಎಬ್ಬಿಸಿ ಕೆಳಮಹಡಿಯ ಟೇಪು ಕಪಾಟುಗಳ ಕೋಣೆಗೆ ಹಾಕಿದರು. ಹೊಸ ಹುಡುಗಿ ಅವಳ ಲಕೋಟೆಗಳನ್ನೇ ಇಟ್ಟುಕೊಂಡು 'ಇದೇ ದಿನ' ಓದತೊಡಗಿದಳು. ಚೆನ್ನಾಗಿಯೇ ಓದುತ್ತಿದ್ದಳು ಎಂಬುದು ತಾರೀಖಿನಕ್ಕನಿಗೆ ಸ್ವಲ್ಪ ಸಂಕಟದ ವಿಷಯ. ಒಂದೂವರೆ ವರ್ಷದ ಮೇಲೆ ಬಂದ ಹೊಸ ಮುಖ್ಯಸ್ಥರು ಮತ್ತೆ ಕರೆದರು. ವಾರದಲ್ಲಿ ಮೂರು ದಿನ ಆ ಹುಡುಗಿ, ಉಳಿದ ದಿನ ತಾನು ಎಂದು ಒಪ್ಪಿಕೊಂಡಳು.

ವಾಲ್ವ್ ಮುಚ್ಚಿದ ತಮ್ಮನ ಎಡಗಣ್ಣು ಹೋಯಿತು, ಬಲಗಣ್ಣು ಮಬ್ಬಾಯಿತು. ಹಳೆಯ ಮುಖವಾಡದ ಒಂದು ಪಟ್ಟಿ ಹರಿದಿತ್ತಂತೆ. ಈಗ ಸಂಜೆ ಕೆಲಸದಿಂದ ಬಂದು ಅವಳು ಅವನಿಗೆ ಪತ್ರಿಕೆ ಓದಿ ಹೇಳುತ್ತಾಳೆ. ಎರಡು ಸಾಲು ಓದುವಷ್ಟರಲ್ಲಿ ಅವಳಿಗೆ ತಿಳಿಯದೆ ದನಿ ಗಂಭೀರವಾಗುತ್ತದೆ. ತಮ್ಮ ಕೈ ಅಡ್ಡ ಹಿಡಿಯುತ್ತಾನೆ.

"ರೇಡಿಯೋ ಬೇಡ ಅಕ್ಕ. ಸುಮ್ನೆ ಏನಾಯ್ತು ಹೇಳು."

ಅವಳು ಪತ್ರಿಕೆ ಮಡಿಚಿಟ್ಟು, ಏನಾಯಿತು ಎಂದು ಹೇಳುತ್ತಾಳೆ.