ಆತಣ್ಣ ಅಂದಿದ್ದೆ

ನಮ್ಮ ಮನೆಯಲ್ಲಿ ಎಲ್ಲದಕ್ಕೂ ‘ಆತು’ ಅನ್ನುತ್ತೇವೆ. ಊಟ ಮುಗಿದರೂ ಆತು, ಹಾಲು ತಗೊಂಡು ಬಾ ಅಂದರೂ ಆತು. ಅಪ್ಪ ದಾವಣಗೆರೆ ಬಿಟ್ಟು ಮದರಾಸಿನ ಪ್ಯಾರೀಸ್ ಕಾರ್ನರಿನಲ್ಲಿ ಬಟ್ಟೆಯ ಸಗಟು ಅಂಗಡಿ ಇಟ್ಟು ಎಷ್ಟೋ ವರ್ಷವಾದರೂ, ಫೋನಿನಲ್ಲಿ ಊರಿನ ಗಿರಾಕಿಗೆ ‘ಆತ್ರೀ, ಕಳಸ್ತೀನಿ’ ಎಂದೇ ಹೇಳುತ್ತಾರೆ. ಒಪ್ಪಿಕೊಂಡದ್ದಕ್ಕೂ ಮುಗಿಸಿದ್ದಕ್ಕೂ ಒಂದೇ ಮಾತು. ಇದರಿಂದ ಯಾರಿಗಾದರೂ ತೊಂದರೆಯಾದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ವಿಮಾನಗಳ ದುರಸ್ತಿ ಮಾಡುವ ಹ್ಯಾಂಗರಿನಲ್ಲಿ ಟೆಕ್ನಿಶಿಯನ್ ಆಗಿದ್ದೆ. ಅಲ್ಲಿದ್ದ ಕನ್ನಡದವರು ಇಬ್ಬರೇ: ನಾನು ಮತ್ತು ನನ್ನ ಮೇಲಿನ ಇಂಜಿನಿಯರ್. ಅವರದು ತಲೆಮಾರುಗಳಿಂದ ಕೀಲ್ಪಾಕಿನಲ್ಲಿರುವ ವೈಷ್ಣವರ ಮನೆ. ಮಾತು ಅರ್ಧ ಕನ್ನಡ, ಅರ್ಧ ತಮಿಳು. ನನ್ನನ್ನು ತಂಗಚ್ಚಿ ಅನ್ನುತ್ತಿದ್ದರು, ನಾನು ಅಣ್ಣ ಅನ್ನುತ್ತಿದ್ದೆ. ನನ್ನ ಡಬ್ಬಿಯ ರೊಟ್ಟಿ ಅವರಿಗೆ, ಅವರ ಡಬ್ಬಿಯ ಪುಳಿಯೋಗರೆ ನನಗೆ. ನಾವು ಮಾಡಿದ ಕೆಲಸವನ್ನು ಕಣ್ಣಾರೆ ನೋಡಿ ಜಾಬ್ ಕಾರ್ಡಿನ ಮೇಲೆ ಸ್ಟ್ಯಾಂಪ್ ಒತ್ತುವುದು ಅವರ ಜವಾಬ್ದಾರಿ. ಆ ವರ್ಷ ನನಗೂ ನನ್ನದೇ ಸ್ಟ್ಯಾಂಪ್ ಸಿಗುವುದಿತ್ತು. ಪರೀಕ್ಷೆಗಳೆಲ್ಲ ಮುಗಿದು, ಒಂದು ಸಹಿ ಮಾತ್ರ ಬಾಕಿ ಇತ್ತು.

ಒಂದು ಬೆಳಿಗ್ಗೆ ನಾನು ಇಂಜಿನ್ನಿಗೆ ಆಯಿಲ್ ತುಂಬಿ, ಮುಚ್ಚಳ ಕೂರಿಸಿ, ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಒರೆಸಿ ಆದಮೇಲೆ ಮುಚ್ಚಳದ ಲಾಕ್ ತಿರುಗಿಸಬೇಕು. ಕೆಳಗೆ ಕಾರ್ಡು ಹಿಡಿದುಕೊಂಡು ಹೋಗುತ್ತಿದ್ದ ಅಣ್ಣ ತಲೆ ಎತ್ತಿ, “ಆಯಿಲ್ ಕ್ಯಾಪ್, ತಂಗಚ್ಚಿ” ಅಂದರು. ನೆನಪಿಸುತ್ತಿದ್ದಾರೆ ಎಂದುಕೊಂಡು, ಸರಿ ಅನ್ನುವ ಅರ್ಥದಲ್ಲಿ ನಾನು “ಆತಣ್ಣ” ಅಂದೆ. ಅಷ್ಟರಲ್ಲಿ ಆಚೆ ಕಡೆಯ ಚಕ್ರಕ್ಕೆ ಕೈ ಬೇಕೆಂದು ಯಾರೋ ಕರೆದರು. ಹೋದೆ, ಮರೆತೆ. ಮರೆತದ್ದು ನಾನೇ, ಅದನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಅಣ್ಣ ಏಣಿ ಹತ್ತಿ ನೋಡದೆಯೇ ಸ್ಟ್ಯಾಂಪ್ ಒತ್ತಿದರು.

ಆ ವಿಮಾನ ಹಾರಿದ ಸ್ವಲ್ಪ ಹೊತ್ತಿಗೇ ವಾಪಸು ಬಂತು. ಆಯಿಲ್ ಇಳಿಯುತ್ತಿರುವುದನ್ನು ಪೈಲಟ್ ಗಮನಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಇಳಿದು ಹೋಗುತ್ತಿದ್ದ ಪ್ರಯಾಣಿಕರಲ್ಲಿ ಒಬ್ಬಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಕಣ್ಮರೆಯಾಗುವವರೆಗೂ ಆ ಮಗುವನ್ನೇ ನೋಡುತ್ತ ನಿಂತೆ.

ನಮ್ಮ ಕಂಪನಿಯಲ್ಲಿ ಒಂದು ಹಳದಿ ಫಾರಂ ಇತ್ತು. ತಪ್ಪು ಮಾಡಿದವರು ತಾವಾಗಿಯೇ ಅದರಲ್ಲಿ ಬರೆದು ಕೊಟ್ಟರೆ ಶಿಕ್ಷೆಯಿಲ್ಲ. ಮನುಷ್ಯ ಮರೆಯುತ್ತಾನೆ, ಮರೆತದ್ದು ಹೇಗೆ ಎಂದು ತಿಳಿದರೆ ಮುಂದಿನದನ್ನು ತಪ್ಪಿಸಬಹುದು ಎಂಬುದು ಲೆಕ್ಕಾಚಾರ. ಆದರೆ ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಹೇಳಿದರೆ ಅದು ಮರೆವಲ್ಲ, ಸುಳ್ಳು. ಸುಳ್ಳಿಗೆ ಮಾಫಿ ಇರಲಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿಕೊಟ್ಟವರೂ ಅಣ್ಣನೇ. ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಮುಂದೆ ಕಾಫಿ ಇಟ್ಟು, ಇದ್ದದ್ದು ಇದ್ದ ಹಾಗೆ ಬರಿ, ಮಾತು ಅದಲುಬದಲಾಯಿತು ಎಂದು ನಾನೂ ಹೇಳುತ್ತೇನೆ ಅಂದರು. ನಾನು ನಂಬಿದೆ. ಪುಟ ತುಂಬ ಬರೆದೆ. ‘ಆತು’ ಎಂದರೆ ನಮ್ಮಲ್ಲಿ ‘ಸರಿ’ ಎಂದೂ ಅರ್ಥ ಎನ್ನುವುದನ್ನು ಅಡಿಗೆರೆ ಎಳೆದು ಬರೆದೆ.

ವಿಚಾರಣೆಗೆ ಮೂವರು ಕೂತಿದ್ದರು. ಒಬ್ಬರಿಗೂ ಕನ್ನಡ ಬಾರದು. ಅವರಲ್ಲಿ ತಮಿಳಿನವರೊಬ್ಬರು ನನ್ನ ಫಾರಂ ಓದಿ ಹುಬ್ಬು ಗಂಟಿಕ್ಕಿದರು. ತಮಿಳಿನ ‘ಆಚ್ಚು’ ಅಂದರೆ ಮುಗಿಯಿತು ಎಂದಷ್ಟೇ; ಒಪ್ಪಿಕೊಳ್ಳಲು ತಮಿಳರು ‘ಸರಿ’ ಅನ್ನುತ್ತಾರೆ. ಕನ್ನಡದಲ್ಲಿ ಬೇರೆ ಅರ್ಥವಿದೆಯೇ ಎಂದು ಅವರು ನನ್ನನ್ನು ಕೇಳಲಿಲ್ಲ, ಪಕ್ಕದಲ್ಲಿ ಕೂತಿದ್ದ ಅಣ್ಣನನ್ನು ಕೇಳಿದರು.

ಅಣ್ಣ ನನ್ನ ಕಡೆ ನೋಡಲಿಲ್ಲ. “ತಮಿಳಿನ ಹಾಗೇ ಸಾರ್. ಕಂಪ್ಲೀಟೆಡ್.”

ನಾನು ಬಾಯಿ ತೆರೆದೆ. ಏನು ಹೇಳಿದೆನೋ ನೆನಪಿಲ್ಲ, ಇಂಗ್ಲಿಷು ತಮಿಳು ಕನ್ನಡ ಎಲ್ಲ ಕಲಸುಮೇಲೋಗರವಾಯಿತು. ಹೆದರಿದವಳು ಅರ್ಥ ತಿರುಚುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿರಬೇಕು. ಇಡೀ ಮದರಾಸಿನಲ್ಲಿ ಆ ಮಾತಿನ ಎರಡೂ ಅರ್ಥ ಬಲ್ಲವರು ಸಾವಿರಾರು ಜನ. ಆ ಕೋಣೆಯಲ್ಲಿ ಇದ್ದವರು ಇಬ್ಬರು, ಒಬ್ಬರು ಕೈಕೊಟ್ಟರು. ಅವರು ಎಂದು ಬಹುವಚನದಲ್ಲೇ ಬರೆಯುತ್ತಿದ್ದೇನೆ, ಅಭ್ಯಾಸ ಬಿಡದು.

ನೋಡದೆ ಒತ್ತಿದ್ದಕ್ಕೆ ಅವರಿಗೆ ಒಂದು ಎಚ್ಚರಿಕೆ ಪತ್ರ. ಸುಳ್ಳು ಹೇಳಿದ್ದಕ್ಕೆ ನನಗೆ ಸಿಗಬೇಕಿದ್ದ ಸ್ಟ್ಯಾಂಪ್ ರದ್ದು, ವಿಮಾನ ಮುಟ್ಟುವಂತಿಲ್ಲ, ಟೂಲ್ ಸ್ಟೋರಿನ ಕಿಟಕಿಯಲ್ಲಿ ಕೂತು ಸಾಮಾನು ಕೊಡುವ ಕೆಲಸ. ವಾರ ಕಳೆದ ಮೇಲೆ ಅಣ್ಣ ಕಿಟಕಿಗೆ ಬಂದು, “ನಂಗೆ ಎರಡೇ ವರ್ಷ ಸರ್ವೀಸು ಇರೋದು ತಂಗಚ್ಚಿ. ನೀನು ಚಿಕ್ಕೋಳು, ಮೇಲೆ ಬರ್ತೀಯ” ಅಂದರು. ಕೇಳಿದ ಸ್ಪ್ಯಾನರ್ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೆ.

ಆಮೇಲೆ ಹಳದಿ ಫಾರಂ ಕಟ್ಟು ಕಟ್ಟಾಗಿ ಹಾಗೇ ಉಳಿಯಿತು. ಹುಚ್ಚರೇ ಬರೆಯಬೇಕಷ್ಟೆ. ತಪ್ಪುಗಳು ಕಡಿಮೆಯಾಗಿವೆ ಎಂದು ಮೇಲಿನವರು ಒಂದು ದಿನ ಎಲ್ಲರಿಗೂ ಸಮೋಸ ಹಂಚಿದರು. ನಾನೂ ತಿಂದೆ.

ಕೆಲವು ತಿಂಗಳ ನಂತರ ಟಾರ್ಕ್ ರೆಂಚುಗಳ ಪಟ್ಟಿ ನೋಡುತ್ತಿದ್ದೆ. ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯಲು ಅಳತೆ ತೋರಿಸುವ ರೆಂಚು ಅದು. ಆ ಅಳತೆ ಸರಿಯಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬೇಕು. ಬೆಳಿಗ್ಗೆ ಅಣ್ಣನಿಗೆ ಕೊಟ್ಟಿದ್ದರ ಗಡುವು ಮುಗಿದಿತ್ತು. ದಿನಾಂಕ ನೋಡದೆ ಕೊಟ್ಟವಳು ನಾನು, ನೋಡದೆ ತೆಗೆದುಕೊಂಡವರು ಅವರು. ಎದ್ದು ಓಡಿದೆ. ವಿಮಾನ ಇನ್ನೂ ಹ್ಯಾಂಗರಿನಲ್ಲೇ ಇತ್ತು. ಹೊಸ ರೆಂಚು ಅವರ ಕೈಗಿಟ್ಟು ವಿಷಯ ಹೇಳಿದೆ. ಅವರು ಮುಖ ಒರೆಸಿಕೊಂಡು, ಒಂದೊಂದೇ ಬೋಲ್ಟನ್ನು ಮತ್ತೆ ಬಿಗಿದರು. ಈ ಸಲ ಪ್ರತಿಯೊಂದನ್ನೂ ನಾನು ನಿಂತು ನೋಡಿದೆ.

ಕೆಳಗಿಳಿದು ಬಂದವರು ಸುತ್ತ ನೋಡಿ, ದನಿ ತಗ್ಗಿಸಿ, “ಫಾರಂ ಬರೀತೀಯಾ?” ಎಂದು ಕೇಳಿದರು.

“ಇಲ್ಲ” ಅಂದೆ.

ಅವರ ಮುಖ ಸಡಿಲವಾಯಿತು. ನನಗೂ ಒಳಗೊಳಗೇ ಹಾಯೆನಿಸಿತು. ಸ್ಟ್ಯಾಂಪ್ ಹೋದದ್ದನ್ನು ಎಂದಾದರೂ ಮನ್ನಿಸಿಯೇನು, ನನ್ನನ್ನು ಹಾಗೆ ಹಾಯೆನಿಸಿಕೊಳ್ಳುವವಳನ್ನಾಗಿ ಮಾಡಿದ್ದಕ್ಕೆ ಅವರನ್ನು ಮನ್ನಿಸಲಾರೆ.