ಅಂಗೈಯ ಲಿಂಗದ ಅಂಚು

2001ರಲ್ಲಿ ನಾನು ಚೆನ್ನೈನ ಒಂದು ಕಣ್ಣಾಸ್ಪತ್ರೆಯ ರೆಟಿನಾ ವಿಭಾಗದಲ್ಲಿ ಹಿರಿಯ ವೈದ್ಯೆಯಾಗಿದ್ದೆ. ಅಲ್ಲಿನ ಪುರಸೈವಾಕ್ಕಂ ಪೇಟೆಯ ಜವಳಿ ವ್ಯಾಪಾರಿ ಶಿವರುದ್ರಪ್ಪನವರನ್ನು ಆ ವರ್ಷ ಅವರ ಮಗಳು ಗೌರಿ ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ಐವತ್ತೆರಡರ ವಯಸ್ಸು, ದಾವಣಗೆರೆ ಕಡೆಯ ಮಾತು, ಮೈನಸ್ ಹನ್ನೆರಡರ ದಪ್ಪ ಕನ್ನಡಕ.

"ಅಪ್ಪಾವುಕ್ಕು ಕಣ್ಣು ಸರಿಯಾ ತೆರಿಯಲೆ, ಡಾಕ್ಟರ್," ಎಂದಳು ಗೌರಿ. ಅಪ್ಪನಿಗೆ ಸರಿಯಾಗಿ ಕಾಣುತ್ತಿಲ್ಲ, ಮೆಟ್ಟಿಲಲ್ಲಿ ಎಡವುತ್ತಾರೆ ಎಂಬುದು ಅವಳ ದೂರು.

"ಅವಳ ಮಾತು ಬಿಡ್ರಿ ಡಾಕ್ಟ್ರಮ್ಮ. ದಿನಾ ಪೂಜೆಗೆ ಕುಂತಾಗ ಕನ್ನಡಕ ತೆಗೆದಿಟ್ಟೇ ಲಿಂಗ ನೋಡ್ತೀನಿ. ಚೂರೂ ಮಸುಕಿಲ್ಲ."

ತೀವ್ರ ಸಮೀಪದೃಷ್ಟಿಯವರು ಮೋಸ ಹೋಗುವುದು ಇಲ್ಲೇ. ಮುಖದ ಹತ್ತಿರ ತಂದದ್ದೆಲ್ಲ ಕನ್ನಡಕವಿಲ್ಲದೆಯೂ ಸೊಗಸಾಗಿ ಕಾಣುವುದರಿಂದ ಕಣ್ಣು ಗಟ್ಟಿಯಾಗಿದೆ ಎಂದು ನಂಬಿಬಿಡುತ್ತಾರೆ. ನಿಜದಲ್ಲಿ ಅವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ. ಒಳಗಿನ ಪರದೆಯಾದ ರೆಟಿನಾ ಅತಿಯಾಗಿ ತಟ್ಟಿದ ರೊಟ್ಟಿಯಂತೆ ತೆಳುವಾಗಿರುತ್ತದೆ. ಅದರ ನಟ್ಟನಡುವಿನ ಭಾಗ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು ಎಲ್ಲ ಅದರಿಂದಲೇ. ಅದರಡಿ ಹೊಸ ರಕ್ತನಾಳ ಬೆಳೆದು ಸೋರಿದರೆ ನೋಟದ ನಡುಭಾಗವೇ ಹೋಗುತ್ತದೆ.

ಕನ್ನಡಕ ತೆಗೆಸಿ, ಅವರ ಬಲಗಣ್ಣು ಮುಚ್ಚಿ, ತಮ್ಮ ಹೆಬ್ಬೆರಳಿನ ಉಗುರು ನೋಡಲು ಹೇಳಿದೆ. ಬೆರಳನ್ನು ಮೂಗಿನ ಹತ್ತಿರ ತಂದು ಅತ್ತಿತ್ತ ತಿರುಗಿಸಿದರು.

"ಉಗುರೇ ಇಲ್ಲ. ನಡುವೆ ಬರೀ ಕಪ್ಪು ಐತೆ," ಎಂದರು.

ಎಡಗಣ್ಣಿನ ಮ್ಯಾಕ್ಯುಲಾ ಎಂದೋ ಸೋರಿ, ಒಣಗಿ, ಕಲೆಯಾಗಿತ್ತು. ಇಷ್ಟು ವರ್ಷ ಬಲಗಣ್ಣು ಎರಡರ ಕೆಲಸವನ್ನೂ ಮಾಡುತ್ತಿದ್ದುದರಿಂದ ಅವರಿಗೆ ಗೊತ್ತೇ ಆಗಿರಲಿಲ್ಲ. ಎಡಗಣ್ಣಿಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಬಲಗಣ್ಣೂ ಅಷ್ಟೇ ತೆಳುವಾಗಿತ್ತು. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕು, ದಿನಕ್ಕೊಮ್ಮೆ ಆ ಒಂದೇ ಕಣ್ಣಿನಿಂದ ಚೌಕುಳಿ ಗೆರೆಗಳ ಕಾರ್ಡು ನೋಡಬೇಕು, ಗೆರೆ ಸೊಟ್ಟಗಾದರೆ ಅಂದೇ ಓಡಿ ಬರಬೇಕು ಎಂದು ಹೇಳಿ ಕಳಿಸಿದೆ.

ಮುಂದಿನ ವರ್ಷ ಬಂದರು. ಕಾರ್ಡು ಸೀರೆಗಳ ನಡುವೆ ಎಲ್ಲೋ ಸೇರಿಹೋಗಿದೆಯಂತೆ. ನನ್ನ ಉಪದೇಶ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು. ಸಿಟ್ಟು ಮೊದಲೇ ನನ್ನ ಮೂಗಿನ ತುದಿಯಲ್ಲಿ. ಚೆನ್ನಾಗಿ ಬೈದೆ. ಬೈಯುತ್ತಿರುವಾಗಲೇ ಹೊಳೆಯಿತು: ಈ ಮನುಷ್ಯ ಕಾರ್ಡು ಮರೆಯಬಹುದು, ಪೂಜೆ ಮರೆಯುವವರಲ್ಲ.

"ಲಿಂಗ ಅಂಗೈಯಲ್ಲಿ ಹಿಡಿದಾಗ ಎಡಗಣ್ಣು ಮುಚ್ಚಿ ಅದರ ಅಂಚು ನೋಡಿ. ದುಂಡಗಿದೆಯಾ ಅಷ್ಟೇ ನೋಡಿದರೆ ಸಾಕು."

"ಲಿಂಗವನ್ನ ಪರೀಕ್ಷೆ ಮಾಡಾದೇನ್ರಿ? ತಪ್ಪಾಗ್ತತೆ."

"ನಾನೂ ಲಿಂಗ ಕಟ್ಟಿದ ಮನೆಯವಳೇ. ಪರೀಕ್ಷೆ ಲಿಂಗಕ್ಕಲ್ಲ, ನಿಮ್ಮ ಕಣ್ಣಿಗೆ."

ಯೋಚಿಸಿ, ಪೂಜೆಯ ನಡುವೆ ಆಗದು, ಮುಗಿದ ಮೇಲೆ ನೋಡುತ್ತೇನೆ ಎಂದು ಒಪ್ಪಿದರು. ವ್ಯಾಪಾರಿ ಅಲ್ಲವೇ, ಅದರಲ್ಲೂ ಚೌಕಾಸಿ.

2007ರ ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ರಿಯಾಯಿತಿ ಮಾರಾಟದ ಮೊದಲ ದಿನ, ಪುರಸೈವಾಕ್ಕಂನಲ್ಲಿ ಕಾಲಿಡಲೂ ಜಾಗವಿಲ್ಲದ ಹೊತ್ತಿನಲ್ಲಿ, ಶಿವರುದ್ರಪ್ಪನವರು ಅಂಗಡಿ ಬಿಟ್ಟು ನನ್ನೆದುರು ಕುಳಿತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಅಂಚು ಒಂದು ಕಡೆ ಒಳಗೆ ಸೊಟ್ಟಗಾಗೈತೆ. ಲಿಂಗ ಸೊಟ್ಟಗಾಗಲ್ಲ ಡಾಕ್ಟ್ರಮ್ಮ. ಕಣ್ಣೇ ಇರ್ಬೇಕು."

ತೋಳಿನ ನರಕ್ಕೆ ಬಣ್ಣದ ಔಷಧ ಕೊಟ್ಟು ರೆಟಿನಾದ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮಾಡಿಸಿದೆ. ಮ್ಯಾಕ್ಯುಲಾದ ಮಗ್ಗುಲಲ್ಲೇ ಸಣ್ಣ ಸೋರಿಕೆ ಇತ್ತು. ನಡುಭಾಗಕ್ಕೆ ಇನ್ನೂ ತಲುಪಿರಲಿಲ್ಲ. ಇಂಥ ರಕ್ತನಾಳಗಳನ್ನು ಕುಗ್ಗಿಸಲು ಕಣ್ಣೊಳಗೇ ಕೊಡುವ ಇಂಜೆಕ್ಷನ್ ಆಗಷ್ಟೇ ಬಳಕೆಗೆ ಬಂದಿತ್ತು. ಸೋಂಕು ತಗುಲಿದರೆ ಇರುವ ಒಂದು ಕಣ್ಣೂ ಹೋಗಬಹುದೆಂದು ಮುಚ್ಚಿಡದೆ ಹೇಳಿದೆ.

"ಸುಮ್ನಿದ್ರೆ ಉಳಿತತಾ?" ಎಂದು ಕೇಳಿದರು.

"ಇಲ್ಲ."

"ಹಂಗಾದ್ರೆ ಚುಚ್ಚ್ರಿ."

ನಾನು ಹೆದರಿದ್ದೆ. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಕೊಟ್ಟೆ. ಸೋರಿಕೆ ಒಣಗಿತು. ಕನ್ನಡಕ ಹಾಕಿಕೊಂಡು ಚಾರ್ಟಿನಲ್ಲಿ ಸಾಮಾನ್ಯ ದೃಷ್ಟಿಗಿಂತ ಒಂದೇ ಸಾಲು ಮೇಲಿನ 6/9ರ ಸಾಲನ್ನು ತಪ್ಪಿಲ್ಲದೆ ಓದಿದಾಗ ಅವರಿಗಿಂತ ನನಗೇ ಹೆಚ್ಚು ಸಂತೋಷವಾಯಿತು.

ಅದಾದ ಮೇಲೆ ತೀವ್ರ ಸಮೀಪದೃಷ್ಟಿಯ ಯಾರೇ ಬಂದರೂ, ದಿನವೂ ತಪ್ಪದೆ ಏನು ಮಾಡುತ್ತೀರಿ ಎಂದೇ ಮೊದಲು ಕೇಳತೊಡಗಿದೆ. ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ನೋಡುವುದನ್ನು ಆ ಕೆಲಸಕ್ಕೇ ಗಂಟು ಹಾಕಿ ಕಳಿಸುತ್ತಿದ್ದೆ. ಶಿವರುದ್ರಪ್ಪನವರು ಮಾತ್ರ ತಮ್ಮ ಕಣ್ಣು ಉಳಿದದ್ದು ಡಾಕ್ಟ್ರಮ್ಮನ ಸೂಜಿಯಿಂದ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಅದು ಅರ್ಧ ಸತ್ಯ. ಆಡಿ ಮುಗಿಯಲಿ ಎಂದು ಅವರು ಒಂದು ತಿಂಗಳು ಕಾದಿದ್ದರೆ, ಅದೇ ಸೂಜಿ ಹಿಡಿದ ಅದೇ ಕೈ ಅವರಿಗೆ ಏನನ್ನೂ ಉಳಿಸಿಕೊಡುತ್ತಿರಲಿಲ್ಲ.